ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಕೈ

ನಮ್ಮ ಮನೆಗೆ ರೋಯಿಂಗ್ ಮಷೀನು ಬಂದದ್ದು ನನ್ನ ಮೊಣಕಾಲಿನ ಸಲುವಾಗಿ. ಆದರೆ ಅದರ ಮೇಲೆ ಮೊದಲು ಕೂತವರು ನನ್ನ ಯಜಮಾನರು. ಎರಡನೆಯ ಸಲ ಕೂತವರೂ ಅವರೇ.

ನೋಡದವರಿಗೆ ಹೇಳಬೇಕೆಂದರೆ ಅದು ದೋಣಿಯೂ ಇಲ್ಲದೆ ನೀರೂ ಇಲ್ಲದೆ ಹುಟ್ಟು ಹಾಕುವ ಯಂತ್ರ. ಮಂಚದಷ್ಟು ಉದ್ದದ ಒಂದು ಕಂಬಿ, ಅದರ ಮೇಲೆ ಗಾಲಿಗಳಿಂದ ಹಿಂದೆ ಮುಂದೆ ಉರುಳುವ ಸಣ್ಣ ಸೀಟು, ಮುಂದುಗಡೆ ಪಾದ ಕಟ್ಟಿಕೊಳ್ಳಲು ಎರಡು ಹಲಗೆ, ಅವುಗಳ ಮುಂದೆ ಡಬ್ಬಿಯೊಳಗೆ ಕೂಡಿಸಿದ ಫ್ಯಾನು. ಫ್ಯಾನಿನಿಂದ ಒಂದು ಚೈನು ಹೊರಗೆ ಬಂದಿರುತ್ತದೆ, ಚೈನಿನ ತುದಿಗೆ ಹಿಡಿಕೆ. ಹಿಡಿದು ಎಳೆದರೆ ಭೊರ್ರೆಂದು ಗಾಳಿಯ ಸದ್ದು. ಡಬ್ಬಿಯ ಬಾಜೂಕೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಒಂದು ಲಿವರು. ಇಷ್ಟೇ. ಇಷ್ಟರಲ್ಲಿ ಗಂಡಸರು ಎಷ್ಟು ತಪ್ಪು ಮಾಡಬಹುದು ಎನ್ನುವುದನ್ನು ಆ ಮಷೀನು ಬರುವವರೆಗೆ ನಾನು ಊಹಿಸಿರಲಿಲ್ಲ.

ನನ್ನ ಬಲಗಾಲಿನ ಮೊಣಕಾಲು ಒಂದು ವರ್ಷದಿಂದ ಕಿರಿಕಿರಿ ಮಾಡುತ್ತಿತ್ತು. ಒಂದು ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ. ಗೋಡೆ ಹಿಡಿದು, ಕಪಾಟು ಹಿಡಿದು, ಕೊನೆಗೆ ಯಜಮಾನರ ಕೈ ಹಿಡಿದು ಎದ್ದೆ. ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೀಲು ಸವೆದಿದೆ, ಆದರೆ ಅದಕ್ಕಿಂತ ತೊಡೆಯ ಸ್ನಾಯು ಸೊರಗಿದೆ ಎಂದರು. ಮೂರು ತಿಂಗಳು ತೊಡೆ ಗಟ್ಟಿ ಮಾಡಿಕೊಂಡು ಬನ್ನಿ, ಅಲ್ಲಿಯತನಕ ನೆಲದ ಮೇಲೆ ಕೂರಬೇಡಿ; ಗಟ್ಟಿಯಾದರೆ ಸರಿ, ಆಗದಿದ್ದರೆ ಕೀಲು ಬದಲಿಸುವ ಮಾತಾಡೋಣ ಎಂದರು. ಬದಲಿಸಿದ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂದು ನಾನು ಕೇಳಿದೆ. ಅವರು ಚೀಟಿ ಬರೆಯುತ್ತಲೇ, "ಕುರ್ಚಿ ಇರತಾವಲ್ರಿ ಮನ್ಯಾಗ," ಎಂದರು.

ಕುರ್ಚಿ ಇವೆ. ನಾಲ್ಕಿವೆ. ಕುರ್ಚಿಯ ಮೇಲೆ ಕೂತು ಎಡಗೈಯಲ್ಲಿ ಹಿಡಿದರೂ ಲಿಂಗ ಲಿಂಗವೇ ಎನ್ನುವುದು ನನಗೂ ತಿಳಿಯುತ್ತದೆ. ಅದನ್ನು ತಿಳಿಸಿ ಹೇಳಿದವರು ಆ ವಾರ ಬೇಕಾದಷ್ಟು ಜನ. ಅವರಾರಿಗೂ ತಿಳಿಯದ ಸಂಗತಿ ಬೇರೆ ಇತ್ತು. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ದಿನಕ್ಕೆ ಅರ್ಧ ತಾಸು, ನಾನು ನೆಲದ ಮೇಲೆ ಕೂತಿರುವ ಆ ಅರ್ಧ ತಾಸು, ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅತ್ತೆಯವರಿದ್ದಾಗಲೂ ಕೇಳುತ್ತಿರಲಿಲ್ಲ. ಕುರ್ಚಿಗೆ ಬಂದ ಮೊದಲನೆಯ ದಿನವೇ ಯಜಮಾನರು ಬಾಗಿಲಲ್ಲಿ ನಿಂತು ಸ್ಕೂಟರಿನ ಕೀಲಿ ಎಲ್ಲಿದೆ ಎಂದರು. ಎರಡನೆಯ ದಿನ ಹಾಲಿನವನಿಗೆ ನಾಳೆ ಎಷ್ಟು ಹೇಳಲಿ ಎಂದರು. ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತವಳು ಅವರ ಕಣ್ಣಿಗೆ ಬಸ್ಸಿಗೆ ಕಾಯುವವಳಂತೆ ಕಂಡಿರಬೇಕು. ಜೀವಮಾನವಿಡೀ ಹೀಗೇ ಎಂದುಕೊಂಡಾಗ ನನಗೆ ಆಪರೇಷನ್ನಿನ ಕತ್ತರಿಗಿಂತ ಆ ಕುರ್ಚಿಯ ಹೆದರಿಕೆ ಹೆಚ್ಚಾಯಿತು.

ಯಜಮಾನರದು ಆಟೋ ನಗರದಲ್ಲಿ ಗಾಡಿ ರಿಪೇರಿಯ ವರ್ಕ್‌ಶಾಪು. ಡಾಕ್ಟರು ಗಟ್ಟಿ ಮಾಡಿಕೊಂಡು ಬನ್ನಿ ಎಂದದ್ದನ್ನು ಅವರು ತಮಗೆ ಕೊಟ್ಟ ಆರ್ಡರು ಎಂದೇ ತಿಳಿದರು. ಊರಿನ ಮಿಲಿಟರಿ ಬಡಾವಣೆ ಕ್ಯಾಂಪಿನಲ್ಲಿದ್ದ ಒಬ್ಬ ಆಫೀಸರಿಗೆ ವರ್ಗವಾಗಿತ್ತು, ಅವರ ಜೀಪು ಇವರ ಗಿರಾಕಿ. ಸಾಮಾನು ಮಾರುವಾಗ ಈ ಮಷೀನು ಇವರ ಕಣ್ಣಿಗೆ ಬಿತ್ತು. ಟೆಂಪೋದಲ್ಲಿ ಹಾಕಿಕೊಂಡು ಬಂದು, ಪಡಸಾಲೆಯಲ್ಲಿ ಟೀಪಾಯಿ ಸರಿಸಿ ಇಳಿಸಿದರು. ಒಂದು ಸಲ ಎಳೆದು ನೋಡಿದರು. ಸೀಟು ಕಂಬಿಯ ಮೇಲೆ ಸರಸರ ಸದ್ದು ಮಾಡಿತು. ಆ ಸದ್ದು ಅವರಿಗೆ ಸೇರಲಿಲ್ಲ.

ಆಟೋ ನಗರದವರ ತಲೆಯಲ್ಲಿ ಜಗತ್ತಿನಲ್ಲಿ ಎರಡೇ ಜಾತಿಯ ಸಾಮಾನು: ಅಲುಗಾಡದವು ಮತ್ತು ಗ್ರೀಸ್ ಹಚ್ಚಬೇಕಾದವು. ನಮ್ಮ ಮನೆಯ ಬಾಗಿಲ ಕೀಲಿಗೆ ಗ್ರೀಸು, ಹೊಲಿಗೆ ಮಷೀನಿಗೆ ಗ್ರೀಸು, ಒಂದು ಸಲ ನನ್ನ ಶಾವಿಗೆ ಒರಳಿಗೂ ಗ್ರೀಸು. ಸಂಜೆ ಡಬ್ಬಿ ತಂದವರೇ ಕಂಬಿಯ ಉದ್ದಕ್ಕೂ ಎರಡು ಮಗ್ಗುಲಿಗೂ ಬೆರಳಿನಿಂದ ಬಳಿದರು. ಗಾಲಿಗಳಿಗೆ ತುಂಬಿದರು. ಚೈನಿಗೂ ಮೆತ್ತಿದರು. ಬೆಳಿಗ್ಗೆ ನಾನು ಕೂತರೆ ಗಾಲಿಗಳು ಉರುಳುವುದನ್ನು ಬಿಟ್ಟು ಜಾರತೊಡಗಿದವು. ಒಮ್ಮೆ ಸುಯ್ಯೆಂದು ಹೋಗುತ್ತಿತ್ತು, ಒಮ್ಮೆ ನಡುವೆಯೇ ಅಂಟಿ ನಿಲ್ಲುತ್ತಿತ್ತು. ಸಲವಾರಿನ ಅಂಚಿಗೆ ಹತ್ತಿದ ಕಪ್ಪು ಇಂದಿಗೂ ಹೋಗಿಲ್ಲ.

ಕಲಿಸುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಲಿವರನ್ನು ಹತ್ತಕ್ಕೆ ಏರಿಸಿದರು. ಕಡಿಮೆ ಅಂಕಿಗೆ ಇಡುವುದೆಂದರೆ ಲಾರಿ ತಂದು ಕೊತ್ತಂಬರಿ ಸಾಗಿಸಿದಂತೆ ಎನ್ನುವುದು ಅವರ ವಾದ. ನನ್ನ ಪಾದಗಳನ್ನು ಪಟ್ಟಿಯಿಂದ ಲೋಡಿಗೆ ಹಗ್ಗ ಬಿಗಿದಂತೆ ಬಿಗಿದರು. ಆಮೇಲೆ ಪಕ್ಕದಲ್ಲಿ ನಿಂತು ಅವರು ಕೊಟ್ಟ ಶಿಕ್ಷಣವೆಲ್ಲ ಒಂದೇ ಮಾತಿನಲ್ಲಿತ್ತು: "ಜಗ್ಗು."

ಜಗ್ಗಿದೆ. ಕೈಯಿಂದ ಜಗ್ಗಿದೆ, ಹೆಗಲಿನಿಂದ ಜಗ್ಗಿದೆ. ಸೀಟು ಮೊದಲೇ ಹಿಂದೆ ಹಾರಿಹೋಗುತ್ತಿತ್ತು, ನನ್ನ ಮೈ ಮುಂದೆಯೇ ಬಗ್ಗಿಕೊಂಡು ಉಳಿಯುತ್ತಿತ್ತು, ಭಾರವೆಲ್ಲ ಸೊಂಟದ ಮೇಲೆ. ವಾಪಸು ಬರುವಾಗ ಮೊಣಕಾಲು ಮೊದಲು ಮೇಲೆದ್ದು ಹಿಡಿಕೆ ಬಂದು ಅದಕ್ಕೇ ಬಡಿಯುತ್ತಿತ್ತು. ಇನ್ನೂ ಜೋರಾಗಿ ಎನ್ನುತ್ತಿದ್ದರು. ಅವರ ಪಾಠ ಶುರುವಾಗಿ ವಾರ ಮುಗಿಯುವ ಮೊದಲೇ ನನ್ನ ಬೆನ್ನು ಹಿಡಿಯಿತು. ಕುಕ್ಕರು ಎತ್ತಲಾಗದೆ, ಬಗ್ಗಿ ಕಸ ಹೊಡೆಯಲಾಗದೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿದೆ. ಹೊಸ ಇಂಜಿನ್ನು ರನ್ನಿಂಗಿಗೆ ಬರುವತನಕ ಹೀಗೇ ಬಡಿದುಕೊಳ್ಳುತ್ತದೆ ಎಂದು ಯಜಮಾನರು ಸಮಾಧಾನ ಹೇಳಿದರು. ನನ್ನ ವಯಸ್ಸಿನ ಇಂಜಿನ್ನನ್ನು ಅವರು ಹೊಸದೆಂದು ಕರೆದದ್ದೊಂದೇ ಆ ಮಾತಿನಲ್ಲಿದ್ದ ಒಳ್ಳೆಯದು. ಮೂರು ತಿಂಗಳಲ್ಲಿ ಒಂದು ಹೀಗೆ ಹೋಯಿತು.

ಬೆನ್ನು ನೆಟ್ಟಗಾದ ಮೇಲೆ ನಾನೇ ಆಟೋ ಹಿಡಿದು ಕ್ಯಾಂಪಿನಲ್ಲಿದ್ದ ಫಿಜಿಯೋಥೆರಪಿ ಡಾಕ್ಟರ ಹತ್ತಿರ ಹೋದೆ. ಸಣ್ಣ ವಯಸ್ಸಿನ ಮುಸಲ್ಮಾನರ ಹುಡುಗಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಗೋಡೆಯ ತುಂಬ ಎಲುಬಿನ ಚಿತ್ರ. ನಾನು ಹೋದಾಗ ಫೋನಿನಲ್ಲಿ ತಾಯಿಯೊಂದಿಗೆ ತಮ್ಮ ಮನೆಮಾತಿನಲ್ಲಿ ಮೀನು ತರುವ ಬಗ್ಗೆ ಜಗಳಾಡುತ್ತಿದ್ದಳು. ಮೂಲೆಯಲ್ಲಿ ನಮ್ಮಲ್ಲಿದ್ದಂಥದ್ದೇ ಮಷೀನು. ಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೆ ಮಾಡಿ ತೋರಿಸಿ ಎಂದಳು. ನಾನು ಮೂರು ಸಲ ಜಗ್ಗುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ಆಂಟಿ, ನಿಮ್ಮ ತವರಮನ್ಯಾಗ ಬಾವಿ ಇತ್ತೇನ್ರಿ?"

ಇತ್ತು. ಖಾನಾಪುರದ ಕಡೆ ಯಾರ ಹಿತ್ತಲಲ್ಲಿ ಇರಲಿಲ್ಲ? ಮದುವೆಯಾಗುವತನಕ ದಿನಾ ಸೇದಿದ್ದೇನೆ.

"ಅದಕ್ಕ. ನೀವು ಇನ್ನೂ ನೀರ ಸೇದಾಕತ್ತೀರಿ. ಇಲ್ಲಿ ಕೊಡಾ ಇಲ್ರಿ. ಕೈ ಮರೀರಿ."

ಆವತ್ತು ಅವಳು ನನಗೆ ಹಿಡಿಕೆಯನ್ನೇ ಕೊಡಲಿಲ್ಲ. ಕೈ ಕಟ್ಟಿಕೊಂಡು ಕೂತು ಬರೀ ಕಾಲಿನಿಂದ ಹಲಗೆಯನ್ನು ಒದ್ದು ಹಿಂದೆ ಹೋಗುವುದು, ಮೆಲ್ಲಗೆ ಮುಂದೆ ಬರುವುದು. ಇದು ಕೈಯ ಮಷೀನಲ್ಲ, ಕಾಲಿನ ಮಷೀನು; ಕೈ ಎಂದರೆ ಕೊಕ್ಕೆ, ಚೀಲ ಹಿಡಿದಂತೆ ಬೆರಳು ಮಡಚಿದರೆ ಸಾಕು, ಹಿಂಡಬಾರದು. ಎರಡನೆಯ ಸಲ ಹೋದಾಗ ಸೊಂಟ ಕಲಿಸಿದಳು. ಬೆನ್ನನ್ನು ಗೂನು ಮಾಡದೆ, ಸೊಂಟದ ಕೀಲಿನಲ್ಲಿ ಮಾತ್ರ ತುಸು ಮುಂದೆ ಬಾಗಿರಬೇಕು. ಕಾಲು ಚಾಚುತ್ತ ಬಂದ ಮೇಲೆ ತುಸು ಹಿಂದೆ ವಾಲಬೇಕು, ಆರಾಮ ಕುರ್ಚಿಯಲ್ಲಿ ಬಿದ್ದಂತೆ ಬೀಳಬಾರದು. ಕೊನೆಗೆ ಕೈ. ಹಿಡಿಕೆ ಪಕ್ಕೆಲುಬಿನ ಕೆಳಗೆ ಬಂದು ಮುಟ್ಟಬೇಕು, ಗಂಟಲಿಗೆ ಬರಬಾರದು. ವಾಪಸು ಹೋಗುವಾಗ ಎಲ್ಲ ತಿರುವು ಮುರುವು: ಮೊದಲು ಕೈ ನೀಳವಾಗಬೇಕು, ಆಮೇಲೆ ಸೊಂಟ ಬಾಗಬೇಕು, ಹಿಡಿಕೆ ಮೊಣಕಾಲು ದಾಟಿಹೋದ ಮೇಲೆಯೇ ಮೊಣಕಾಲು ಮಡಚಬೇಕು. ಹಾಗೆ ಮಾಡಿದರೆ ಹಿಡಿಕೆ ಮೊಣಕಾಲಿಗೆ ಬಡಿಯಲು ಜಾಗವೇ ಇಲ್ಲ. ಒದೆಯುವುದಕ್ಕೆ ಎಷ್ಟು ಹೊತ್ತೋ ವಾಪಸು ಬರುವುದಕ್ಕೆ ಅದರ ಇಮ್ಮಡಿ ಹೊತ್ತು. ದುಡಿಮೆ ಒಂದು ಪಾಲು, ದಣಿವಾರಿಸಿಕೊಳ್ಳುವುದು ಎರಡು ಪಾಲು. ನಾನು ಕೇಳಿದ ವ್ಯಾಯಾಮದ ಮಾತುಗಳಲ್ಲಿ ಬುದ್ಧಿಯಿದ್ದದ್ದು ಇದೊಂದೇ.

ಮುಂದೆ ಬರುವಾಗ ಮೊಣಕಾಲಿನ ಕೆಳಗಿನ ಎಲುಬು ನೆಟ್ಟಗೆ ನಿಲ್ಲುವತನಕ ಬಂದರೆ ಸಾಕು, ಎದೆಗೆ ಮೊಣಕಾಲು ಒತ್ತುವತನಕ ಬರಬಾರದು ಎಂದಳು. ನನಗಂತೂ ಅದಕ್ಕಿಂತ ಸ್ವಲ್ಪ ಮೊದಲೇ ತಡೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಕಂಬಿಯ ಮಗ್ಗುಲಿಗೆ ಬ್ಯಾಂಡೇಜಿನ ಬಿಳಿ ಪಟ್ಟಿಯ ಒಂದು ತುಣುಕು ಅಂಟಿಸಿ ತೋರಿಸಿ, ಆ ಸುರುಳಿಯನ್ನೇ ಮನೆಗೂ ಕೊಟ್ಟಳು. ಪಾದದ ಪಟ್ಟಿ ಹಿಮ್ಮಡಿಯ ಮೇಲೆ ಅಲ್ಲ, ಬೆರಳುಗಳ ಬುಡದ ಮೇಲೆ ಬರಬೇಕು. ಲಿವರಿನ ಬಗ್ಗೆ ಕೇಳಿದೆ. ಅದು ಶಕ್ತಿಯ ಅಂಕಿಯಲ್ಲ, ಫ್ಯಾನಿನೊಳಗೆ ಎಷ್ಟು ಗಾಳಿ ಬಿಡಬೇಕು ಎನ್ನುವ ಕಿಂಡಿ. ಹೊಸಬರಿಗೆ ಮೂರೋ ನಾಲ್ಕೋ ಸಾಕು, ಜೋರು ಬರಬೇಕಾದದ್ದು ನಿಮ್ಮ ಕಾಲಿನಿಂದ ಎಂದಳು. ಎಷ್ಟು ಹೊತ್ತು ಮಾಡಲಿ ಎಂದದ್ದಕ್ಕೆ, "ಮಾತಾಡಕೋತ ಮಾಡಾಕ ಬರಬೇಕ್ರಿ. ಮಾತು ನಿಂತಿತು ಅಂದ್ರ ನೀವೂ ನಿಂದರ್ರಿ," ಎಂದಳು. ಮೊದಲು ಐದೈದು ನಿಮಿಷ, ನಡುವೆ ವಿಶ್ರಾಂತಿ, ದಿನ ಬಿಟ್ಟು ದಿನ. ಮೊದಲು ಹೊತ್ತು ಹೆಚ್ಚಿಸುವುದು, ಜೋರು ಆಮೇಲೆ. ಕಂಬಿಗೆ ಗ್ರೀಸ್ ಹಚ್ಚಿದ ಸುದ್ದಿ ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು. ಕಂಬಿ ಒಣಗಿರಬೇಕು, ದಿನಾ ಒರೆಸಬೇಕು, ಎಣ್ಣೆ ಕೇಳುವುದು ಚೈನು ಮಾತ್ರ, ಅದೂ ಹನಿ.

ಮನೆಗೆ ಬಂದು ಪಾತ್ರೆಯ ಸಾಬೂನು, ಬಿಸಿನೀರು, ಯಜಮಾನರ ಒಂದು ಹಳೇ ಧೋತರ ತೆಗೆದುಕೊಂಡು ಕೂತೆ. ಮಧ್ಯಾಹ್ನವೆಲ್ಲ ಹಿಡಿಯಿತು. ಗಾಲಿಗಳ ಸಂದಿಯಿಂದ ಗ್ರೀಸಿನ ಜತೆ ನಮ್ಮ ಮನೆಯ ಧೂಳು, ನನ್ನ ಕೂದಲು, ಒಂದು ಅಕ್ಕಿಕಾಳು ಕೂಡ ಬಂತು. ಸಂಜೆ ಬಂದ ಯಜಮಾನರು ಧೋತರದ ಗತಿ ನೋಡಲಿಲ್ಲ, ಕಂಬಿಯ ಗತಿ ನೋಡಿದರು. ಬೇರಿಂಗು ಹೋಗುತ್ತವೆ ಎಂದರು. ಇಂಥ ಡಾಕ್ಟರು ಎಷ್ಟು ಗಾಡಿ ಬಿಚ್ಚಿದ್ದಾರೆ ಎಂದು ಕೇಳಿದರು. ಆಮೇಲೆ ಎರಡು ದಿನ ಮಷೀನಿನ ಕಡೆ ಬೆನ್ನು ಮಾಡಿ ಚಹಾ ಕುಡಿದರು.

ಮೂರನೆಯ ದಿನದಿಂದ ಅದರ ಕಡೆ ಮುಖ ಮಾಡಿ ಕುಡಿಯತೊಡಗಿದರು, ಅದು ಇನ್ನೂ ಕಷ್ಟ. ಹಾಲು ಕಾಯಿಸಿ ಇಳಿಸಿ, ಅದು ಆರುವಷ್ಟರಲ್ಲಿ ನಾನು ಮಷೀನಿನ ಕೆಲಸ ಮುಗಿಸುತ್ತಿದ್ದೆ. ಅವರು ಕಪ್ಪು ಹಿಡಿದು ನಿಂತು ತೊಟ್ಟಿಲು ತೂಗಿದಂತಾಯಿತು ಎನ್ನುವರು. ಬೆವರು ಎಲ್ಲಿದೆ ಎನ್ನುವರು. ಫೋನಿನಲ್ಲಿ ಯಾರೋ ಮೀಸೆಯವನು ಮಷೀನಿನ ಮೇಲೆ ಕುಸ್ತಿ ಹಿಡಿದದ್ದನ್ನು ತೋರಿಸುವರು. ಏದುಸಿರು ಬಿಡದಿದ್ದರೆ ಅದು ವ್ಯಾಯಾಮವೇ ಅಲ್ಲ ಎಂದು ನಂಬಿದ ಜನ ಇವರು. ಬೆಳಿಗ್ಗೆ ವಾಕಿಂಗ್ ಹೋಗಿ ಮೂಲೆಯ ಹೋಟೆಲಿನಲ್ಲಿ ಬಜಿ ತಿಂದು ಬರುವ ಜನವೂ ಇವರೇ. ನಾನು ಉತ್ತರ ಕೊಡುತ್ತಲೇ ಕಾಲು ಒದೆಯುತ್ತಿದ್ದೆ. ಉತ್ತರ ಕೊಡಲು ಬಂದರೆ ಸರಿಯಾಗಿ ನಡೆದಿದೆ ಎಂದು ಅರ್ಥವಲ್ಲವೇ, ಆ ಒಂದು ಕೆಲಸಕ್ಕೆ ಅವರು ಉಪಯೋಗಕ್ಕೆ ಬಂದರು. ಅದು ಮುಗಿದ ಮೇಲೆ ಸ್ನಾನ, ಆಮೇಲೆ ಕುರ್ಚಿ ಪೂಜೆ. ನಡುವೆ ಇಸ್ತ್ರಿ ಅಂಗಿ ಎಲ್ಲಿ, ಗ್ಯಾಸಿನವನು ಬಂದಿದ್ದಾನೆ, ಟಿವಿಯ ರಿಮೋಟು ಯಾರು ತೆಗೆದರು.

ಒಂದು ತಿಂಗಳಿಗೆ ತೊಡೆಯಲ್ಲಿ ಏನೋ ನಿಂತಂತೆ ಅನಿಸತೊಡಗಿತು. ಸಿಟಿ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಮರೆತು ಹತ್ತಿದ್ದು ಹತ್ತಿದ ಮೇಲೆ ಗೊತ್ತಾಯಿತು. ಇನ್ನೊಂದು ತಿಂಗಳು ಹೀಗೆ ನಡೆದರೆ ಡಾಕ್ಟರಿಗೆ ಮುಖ ತೋರಿಸಬಹುದು ಎಂದುಕೊಂಡಿದ್ದೆ.

ಅಷ್ಟರಲ್ಲಿ ಖಾನಾಪುರದಿಂದ ಫೋನು ಬಂತು.

ಖಾನಾಪುರದಲ್ಲಿ ನಮ್ಮ ಭಾವನವರಿದ್ದಾರೆ, ಯಜಮಾನರ ಅಣ್ಣ. ಹಂಚು, ಇಟ್ಟಿಗೆ, ಸಿಮೆಂಟಿನ ವ್ಯಾಪಾರ. ಹರೆಯದಲ್ಲಿ ತಾಲೀಮಿಗೆ ಹೋಗಿ ಕುಸ್ತಿ ಆಡಿದವರು, ಈಗ ಕುಸ್ತಿಯ ಮಾತು ಮಾತ್ರ ಆಡುತ್ತಾರೆ. ಅಣ್ಣ ತಮ್ಮ ಬೇರೆಯಾಗಿ ಎಷ್ಟೋ ವರ್ಷವಾದರೂ ಸಾಮಾನು ಬೇರೆಯಾಗಿಲ್ಲ. ನಮ್ಮ ದೊಡ್ಡ ಗ್ರೈಂಡರು ಅಲ್ಲಿದೆ, ಅವರ ಕಬ್ಬಿಣದ ಏಣಿ ಇಲ್ಲಿದೆ, ನೀರಿನ ಪಂಪು ಯಾರದೆಂದು ಈಗ ಯಾರಿಗೂ ನೆನಪಿಲ್ಲ. ಇವರಲ್ಲಿ ಕೇಳುವವನು ಕೇಳುವುದಿಲ್ಲ, ಕಳಿಸು ಎನ್ನುತ್ತಾನೆ. ಕೊಡುವವನಿಗೆ ಇಲ್ಲ ಎನ್ನುವ ಮಾತೇ ಬರುವುದಿಲ್ಲ. ಇದನ್ನು ಅವರು ಪ್ರೀತಿ ಎನ್ನುತ್ತಾರೆ. ನಮ್ಮ ಮನೆಯಿಂದ ಕಳಿಸುವ ಸಾಮಾನು ಯಾವಾಗಲೂ ಅಡುಗೆಮನೆಯದು ಎನ್ನುವುದು ನಾನು ಗಮನಿಸಿದ ಸಂಗತಿ. ಆಟೋ ನಗರದ ಸ್ಪ್ಯಾನರು ಒಂದೂ ಖಾನಾಪುರ ಕಂಡಿಲ್ಲ.

ನಾನು ಸಂತೆ ಮುಗಿಸಿ ಬಂದಾಗ ಪಡಸಾಲೆ ಖಾಲಿ. ಟೀಪಾಯಿ ತನ್ನ ಜಾಗಕ್ಕೆ ಬಂದು ಕೂತಿತ್ತು. ಅಣ್ಣ ಕೇಳಿದ, ನಾಲ್ಕು ದಿನಕ್ಕಂತೆ ಎಂದರು ಯಜಮಾನರು. ಗ್ರೈಂಡರು ಹೋದದ್ದೂ ನಾಲ್ಕು ದಿನಕ್ಕೇ. ಕಾಯಿಪಲ್ಲೆ ಬಿಡಿಸಿಟ್ಟೆ, ರೊಟ್ಟಿ ಮಾಡಿದೆ. ಬೆಳಿಗ್ಗೆ ಎದ್ದು ಚೀಲದಲ್ಲಿ ಎರಡು ಸಲವಾರು, ಪೂಜೆಯ ಸಾಮಾನು, ಬ್ಯಾಂಡೇಜಿನ ಪಟ್ಟಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಸೊಸೆಯಾದವಳು ಹಿರಿಯರ ಮನೆಗೆ ಬಂದರೆ ಯಾವಾಗ ಹೋಗುತ್ತೀ ಎಂದು ನಮ್ಮಲ್ಲಿ ಕೇಳುವಂತಿಲ್ಲ. ಅವರ ಪದ್ಧತಿ ಅವರಿಗಿದ್ದಂತೆ ನನಗೂ ಒಂದಿತ್ತು.

ಬಸ್ಸು ಊರು ಬಿಡುವಷ್ಟರಲ್ಲಿ ಯಜಮಾನರ ಫೋನು. ಎಲ್ಲಿದ್ದೀ ಎಂದರು. ಖಾನಾಪುರಕ್ಕೆ ಹೊರಟಿದ್ದೇನೆ ಎಂದೆ. ಯಾಕೆ ಎಂದರು.

"ಮಷೀನ್ ಎಲ್ಲಿರತೈತಿ ಅಲ್ಲಿ ನಾ ಇರತೀನ್ರಿ."

ಫೋನಿನಲ್ಲಿ ರೊಟ್ಟಿಯ ಡಬ್ಬಿ ತೆಗೆದು ಮುಚ್ಚಿದ ಸದ್ದು. ಆಮೇಲೆ, "ಮತ್ತ ನನ್ನ ಊಟಾ?"

"ನಿಮ್ಮ ಅಣ್ಣಾರನ್ನ ಕೇಳ್ರಿ," ಎಂದೆ.

ಭಾವನವರು ಮಷೀನನ್ನು ಮುಂದಿನ ಪಡಸಾಲೆಯಲ್ಲಿ, ಬೀದಿಗೆ ಕಾಣುವಂತೆ, ಮಾದರಿ ಹಂಚುಗಳ ಸಾಲಿನ ಬಾಜೂಕೆ ಇರಿಸಿದ್ದರು. ಅಂಗಿ ಬಿಚ್ಚಿ, ಟವೆಲು ಸುತ್ತಿಕೊಂಡು, ಅದರ ಮೇಲೆ ಕೂತಿದ್ದರು. ಕಟ್ಟೆಯ ಮೇಲೆ ಅಂಗಡಿಗೆ ಬಂದ ನಾಲ್ಕೈದು ಮಂದಿ. ಲಿವರು ಹತ್ತಕ್ಕಿತ್ತು ಎಂದು ಹೇಳಬೇಕಾಗಿಲ್ಲ. ಅವರು ಕಾಲನ್ನು ಉಪಯೋಗಿಸುತ್ತಲೇ ಇರಲಿಲ್ಲ. ಎದುರಾಳಿಯ ಕುತ್ತಿಗೆ ಹಿಡಿದವರಂತೆ ಹಿಡಿಕೆಯನ್ನು ಗದ್ದಕ್ಕೆ ಎಳೆದುಕೊಂಡು, ತಲೆ ನೆಲಕ್ಕೆ ಮುಟ್ಟುವಷ್ಟು ಹಿಂದೆ ಬೀಳುತ್ತಿದ್ದರು. ಪ್ರತಿ ಸಲಕ್ಕೂ ಮಷೀನು ಕಾಲೆತ್ತಿ ಕುಣಿಯುತ್ತಿತ್ತು. ದಣಿದಾಗ ಹಿಡಿಕೆಯನ್ನು ಕೈಯಿಂದ ಬಿಟ್ಟೇಬಿಟ್ಟರು. ಅದು ಹಾರಿಹೋಗಿ ಫ್ಯಾನಿನ ಡಬ್ಬಿಗೆ ಬಡಿದ ಸದ್ದಿಗೆ ಕಟ್ಟೆಯ ಮೇಲಿನವರು ತಲೆದೂಗಿದರು. ಹಿಡಿಕೆಯನ್ನು ಅದರ ಜಾಗದತನಕ ಕೈಯಲ್ಲೇ ಒಯ್ದು ಇಡಬೇಕು ಎನ್ನುವುದು ಫಿಜಿಯೋಥೆರಪಿಯ ಹುಡುಗಿ ನನಗೆ ಹಿಡಿಕೆ ಕೊಟ್ಟ ದಿನವೇ ಕಲಿಸಿದ ಪಾಠ.

ನಾನು ಕಾದೆ. ಬಹಳ ಕಾಯಬೇಕಾಗಲಿಲ್ಲ. ಅವರು ಎದ್ದು ನೀರು ಕುಡಿಯಲು ಹೋದಾಗ ಕಂಬಿ ಒರೆಸಿದೆ, ಲಿವರು ಇಳಿಸಿದೆ, ಬಿಳಿ ಪಟ್ಟಿ ಅಂಟಿಸಿ ಕೂತು ನನ್ನ ಕೆಲಸ ಶುರು ಮಾಡಿದೆ. ಅಕ್ಕಾರಿಗೆ ನಿದ್ದೆ ಬಂತೇನು ಎಂದು ಕಟ್ಟೆಯಿಂದ ಯಾರೋ ಅಂದರು. ಭಾವನವರು ಚೊಂಬು ಹಿಡಿದುಕೊಂಡೇ ಬಂದು ನೋಡಿದರು.

"ತಂಗಿ, ಇದು ಕಸರತ್ತ ಅಲ್ಲವಾ. ಇದು ಭಜನಿ."

"ಹೌದ್ರಿ ಭಾವಾರ, ಭಜನಿನ. ಮುಗಿಯೂತನಕಾ ಏಳಂಗಿಲ್ಲ," ಎಂದೆ. ಕಾಲು ಒದೆಯುತ್ತಲೇ ಎಂದೆ, ಉಸಿರು ಕಟ್ಟಲಿಲ್ಲ.

ಮೂರನೆಯ ದಿನಕ್ಕೆ ಭಾವನವರ ಬೆನ್ನು ಹಿಡಿಯಿತು. ಹವಾ ಬದಲಾಗಿದೆ ಎಂದರು. ಮಲಗಿದ ಗಾದಿ ಸರಿಯಿಲ್ಲ ಎಂದರು. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಒಳಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತ ಎಲ್ಲಕ್ಕೂ ಹೌದು ಎಂದಳು. ಮಧ್ಯಾಹ್ನ ಅವರು ಸೊಂಟ ಹಿಡಿದುಕೊಂಡೇ ಅಂಗಡಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ನನಗೂ ಕಲಿಸು ತಂಗಿ ಎಂದಳು. ಅವಳೂ ಬಾವಿಯವಳೇ, ಹಿಡಿಕೆ ಸಿಕ್ಕಿದ್ದೇ ತಡ ಒಂದು ಕೈ ಬಿಟ್ಟು ಒಂದು ಕೈಯಿಂದ ಸೇದಲು ಹೋದಳು. ನಾನು ಹಿಡಿಕೆ ಕಸಿದುಕೊಂಡು ಕೈ ಕಟ್ಟಿ ಕೂರಿಸಿದೆ. ಬರೀ ಕಾಲಿನಿಂದ ಹಿಂದೆ ಹೋಗಿ ಮುಂದೆ ಬರುತ್ತ ಅವಳು ಸಣ್ಣ ಹುಡುಗಿಯಂತೆ ನಕ್ಕಳು. ನಕ್ಕು ಮುಗಿಸಿ ಒಂದು ಸುದ್ದಿ ಹೇಳಿದಳು. ಎಳೆದಾಗ ಮಷೀನು ಅಲುಗಾಡುತ್ತದೆ, ಬೆನ್ನು ಹಿಡಿದದ್ದು ಅದರಿಂದಲೇ ಎಂದು ಭಾವನವರು ತೀರ್ಮಾನಿಸಿದ್ದಾರಂತೆ. ನಾಳೆ ಗೌಂಡಿ ಬರುತ್ತಾನಂತೆ. ಗಿರಣಿಯ ಮಷೀನು ಕೂಡಿಸಿದಂತೆ ನಾಲ್ಕೂ ಕಾಲಿಗೆ ಬೋಲ್ಟು ಹಾಕಿ ನೆಲಕ್ಕೆ ಸಿಮೆಂಟು ಹಾಕುತ್ತಾರಂತೆ.

ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ತಪ್ಪಾಗಿ ಎಳೆಯುವುದನ್ನು ಬಿಡುವುದಕ್ಕಿಂತ ನೆಲ ಒಡೆಯುವುದು ಸುಲಭ ಎಂದುಕೊಳ್ಳುವ ಮನುಷ್ಯನ ಮುಂದೆ ಏನು ಮಾಡಬೇಕು? ಗ್ರೈಂಡರಿಗಾದರೆ ಕನಿಷ್ಠ ಸಿಮೆಂಟು ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಅವರ ಪಡಸಾಲೆಯ ಕುರ್ಚಿಯ ಮೇಲೆ ಕೂತು ನಾನು ಲಿಂಗಪೂಜೆ ಮಾಡುತ್ತಿದ್ದಾಗ ಗೌಂಡಿ ಬಂದ. ನೆಲ ಎಲ್ಲಿ ಒಡೆಯಲಿ ಎಂದು ಅವನು ಕೇಳಿದ್ದು ನನ್ನನ್ನೇ. ಕುರ್ಚಿಯ ಮೇಲೆ ಕೂತವಳಲ್ಲವೇ.

ಪೂಜೆಯನ್ನು ಹೇಗೋ ಮುಗಿಸಿ ಎದ್ದೆ. ಭಾವನವರು ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಗೌಂಡಿಗೆ ಗುರುತು ತೋರಿಸಲು ಬಗ್ಗಲಾಗದೆ ಕಾಲಿನಿಂದ ತೋರಿಸುತ್ತಿದ್ದರು. ಇಷ್ಟು ವರ್ಷ ನಾನು ಅವರೆದುರು ನಿಂತು ನಾಲ್ಕು ಮಾತು ಒಟ್ಟಿಗೆ ಆಡಿದವಳಲ್ಲ.

"ಭಾವಾರ, ಇನ್ನ ಮೂರು ವಾರಕ್ಕ ಡಾಕ್ಟರ್ ಕಡೆ ಹೋಗೂದೈತಿ. ತೊಡಿ ಗಟ್ಟಿ ಆಗಲಿಲ್ಲಂದ್ರ ಮೊಳಕಾಲ ಕೊಯ್ದು ಬ್ಯಾರೆ ಹಾಕತಾರ. ಆಮ್ಯಾಲೆ ನೆಲದ ಮ್ಯಾಲೆ ಕುಂತು ಪೂಜಾ ಮಾಡಾಕ ಬರಂಗಿಲ್ಲ ನನಗ. ಈ ಮಷೀನ್ ನನ್ನ ಕಾಲಿಗಂತ ತಂದದ್ದು."

ಅವರು ಗೌಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ನಿನ್ನ ಕಾಲಿಗೆ? ಅಂವ ನನಗ ಹೇಳಿದ್ದು ತನ್ನ ಹೊಟ್ಟಿ ಕರಗಸಾಕ ಅಂತ."

ಅದು ನನಗೂ ಹೊಸ ಸುದ್ದಿ. ಬಾಗಿಲ ಸಂದಿಯಲ್ಲಿ ನಿಂತಿದ್ದ ನೆಗೆಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವನವರು ತುಸು ಹೊತ್ತು ಮೀಸೆ ಸವರಿದರು. ಕೇಳಿದ್ದನ್ನು ವಾಪಸು ಕೊಟ್ಟ ರೂಢಿ ಅವರಿಗಿಲ್ಲ, ಹೇಗೆ ಕೊಡಬೇಕೆಂದು ಹುಡುಕುತ್ತಿದ್ದರು. ಕೊನೆಗೆ ಗೌಂಡಿಗೆ ಹಿತ್ತಲಿನ ಮೋರಿ ನೋಡಲು ಹೇಳಿದರು. ನನಗೆ, "ಒಯ್ಯವಾ. ಇದರಾಗ ದಮ್ಮ ಇಲ್ಲ, ನನಗ ಬ್ಯಾಡ," ಎಂದರು. ಆಮೇಲೆ ಒಳಗೆ ಹೋಗಿ ಫೋನಿನಲ್ಲಿ ತಮ್ಮನಿಗೆ ಮರಾಠಿಯಲ್ಲಿ ಬೈದರು. ಕನ್ನಡದಲ್ಲಿ ಬೈದರೆ ನನಗೆ ಬೇಜಾರಾದೀತು ಎಂದಿರಬೇಕು. ಹುಟ್ಟಾ ಖಾನಾಪುರದವಳಿಗೆ ಮರಾಠಿ ತಿಳಿಯುವುದಿಲ್ಲ ಎಂದು ಅವರೊಬ್ಬರೇ ನಂಬಿದ್ದಾರೆ. ಪೂರ್ತಿ ಕೇಳಿಸಿಕೊಂಡೆ. ಒಂದು ಮಾತೂ ಹೆಚ್ಚಾಗಿರಲಿಲ್ಲ.

ಮಧ್ಯಾಹ್ನ ಯಜಮಾನರು ಟೆಂಪೋ ತಂದರು. ಇಷ್ಟು ದಿನ ಹೋಟೆಲಿನಲ್ಲಿ ಉಂಡು ಮುಖ ಇಳಿದುಹೋಗಿತ್ತು. ದಾರಿಯುದ್ದಕ್ಕೂ ಹೊಟ್ಟೆಯ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮನೆಯಲ್ಲಿ ಟೀಪಾಯಿಯನ್ನು ಅವರೇ ಸರಿಸಿದರು. ಗ್ರೀಸಿನ ಡಬ್ಬಿಯ ಕಡೆ ಒಮ್ಮೆ ನೋಡಿದ್ದು ಮಾತ್ರ ನನ್ನ ಕಣ್ಣಿಗೆ ಬಿತ್ತು.

ಉಳಿದ ವಾರಗಳಲ್ಲಿ ದಿನ ಬಿಟ್ಟು ದಿನ ತಪ್ಪದೆ ಮಾಡಿದೆ. ಐದು ನಿಮಿಷ ಹತ್ತಾಯಿತು, ಹತ್ತು ಹದಿನೈದಾಯಿತು. ಮೂರಕ್ಕಿಟ್ಟ ಲಿವರನ್ನು ಒಂದು ದಿನವೂ ಮುಟ್ಟಲಿಲ್ಲ. ಬೇಸರದ ಕೆಲಸ ಅದು, ಸುಳ್ಳೇಕೆ ಹೇಳಲಿ. ಎದುರಿಗೆ ಅದೇ ಗೋಡೆ, ಅದೇ ಕ್ಯಾಲೆಂಡರು. ಆದರೆ ಜೋಳ ಹಸನು ಮಾಡುವುದೂ ಬೇಸರದ ಕೆಲಸವೇ, ಅದನ್ನು ಯಾರೂ ಎದೆ ಬಡಿದುಕೊಂಡು ಮಾಡುವುದಿಲ್ಲ.

ಡಾಕ್ಟರು ತೊಡೆ ಒತ್ತಿ ನೋಡಿದರು, ನಡೆಸಿದರು, ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ಲಿ ಎಂದರು. ನಿಂತೆ. ಇನ್ನೇನು ಕೇಳುತ್ತಾರೋ ಎಂದು ಕಾಯದೆ ನಾನು ಅವರ ಮೇಜಿನ ಪಕ್ಕದಲ್ಲಿ ನೆಲಕ್ಕೆ ಕೂತೆ. ಎಡಗಾಲು ಮಡಚಿದೆ, ಬಲಗಾಲು ಮೆಲ್ಲಗೆ ಅದರ ಮೇಲೆ ತಂದೆ. ನೋವಿತ್ತು, ಆದರೆ ತಡೆಯುವ ನೋವು. ಏಳುವಾಗ ಒಂದು ಕೈಯನ್ನು ನೆಲಕ್ಕೆ ಊರಬೇಕಾಯಿತು. ಯಾರ ಕೈಯೂ ಬೇಕಾಗಲಿಲ್ಲ. ಡಾಕ್ಟರು ಮೊದಲ ಬಾರಿಗೆ ಚೀಟಿಯಿಂದ ಕಣ್ಣೆತ್ತಿ ನೋಡಿ, "ಆಪರೇಷನ್ ಮಾತು ಸದ್ಯಕ್ಕ ಬಿಡೂಣ್ರಿ. ಆರು ತಿಂಗಳಿಗೆ ಬಂದು ತೋರಸ್ರಿ," ಎಂದರು. ನೆಲದ ಮೇಲೆ ಕೂರಬಹುದು, ಬಹಳ ಹೊತ್ತು ಬೇಡ ಎಂದರು. ಅರ್ಧ ತಾಸು ಎಂದೆ. ಆಗಲಿ ಎಂದರು. ಹತ್ತಕ್ಕೆ ಇಟ್ಟಿದ್ದರೆ ಇನ್ನೂ ಲಗೂನ ಗುಣವಾಗುತ್ತಿತ್ತಲ್ಲವೇ ಸಾಹೇಬರೇ ಎಂದು ಯಜಮಾನರು ಕೇಳಿದರು. ಡಾಕ್ಟರಿಗೆ ಏನು ಹತ್ತು ಎಂದು ತಿಳಿಯಲಿಲ್ಲ. ನಾನು ತಿಳಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ಎತ್ತಿ ಊಟದ ಮೇಜಿಗೆ ಸೇರಿಸಿ, ನೆಲ ಒರೆಸಿ, ಮಣೆ ಹಾಕಿ ಕೂತೆ. ಮೊಣಕಾಲು ಲಟಕ್ಕೆಂದಿತು, ಅನ್ನಲಿ. ಅಡುಗೆಮನೆಯಲ್ಲಿ ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಆಮೇಲೆ ಯಜಮಾನರ ಚಪ್ಪಲಿಯ ಸದ್ದು ಬಾಗಿಲತನಕ ಬಂದು ನಿಂತಿತು. ಸಕ್ಕರೆ ಎಲ್ಲಿದೆ ಎಂದು ಕೇಳಲು ಬಂದಿದ್ದಾರೆಂದು ಕಣ್ಣು ತೆರೆಯದೆಯೇ ಗೊತ್ತಾಯಿತು. ಸಕ್ಕರೆ ಒಲೆಯ ಬಾಜೂಕೇ ಇತ್ತು, ಮದುವೆಯಾದಾಗಿನಿಂದ ಅಲ್ಲೇ ಇದೆ. ಸ್ವಲ್ಪ ಹೊತ್ತು ನಿಂತರು. ಕೇಳದೆ ಹಿಂದಿರುಗಿದರು. ಆ ಬೆಳಿಗ್ಗೆ ಅವರು ಸಕ್ಕರೆಯಿಲ್ಲದ ಚಹಾ ಕುಡಿದರು, ನಾನು ನನ್ನ ಅರ್ಧ ತಾಸು ಪೂರ್ತಿ ಕೂತೆ.